ಎಡಗಿವಿ, ಬಲಗಿವಿ

ಹೆಬ್ಬೆರಳಿಗಿಂತ ತುಸು ಉದ್ದದ ಮೀನು.
ತಲೆ ಸೀಳಿದರೆ ಒಳಗೆ
ಎಳ್ಳುಕಾಳಿನಷ್ಟು ಎರಡು ಕಿವಿಗಲ್ಲು.
ಎಡಗಡೆಯದು ಪೆರುವಿನ ಇಲೋದಲ್ಲಿ, ನನ್ನ ಬಳಿ.
ಬಲಗಡೆಯದು ಗಡಿ ದಾಟಿ ಚಿಲಿಯ ಅರೀಕಾಕ್ಕೆ,
ತಿರಾಪೆಗಿಯ ಮೇಜಿಗೆ.
ಹೀಗೆಂದು ಎರಡು ಸರ್ಕಾರಗಳು ಸಹಿ ಹಾಕಿವೆ,
ಹನ್ನೊಂದು ಪುಟ, ನಾಲ್ಕು ಮೊಹರು.

ಕಿವಿಗೊಡುವುದು ಅಂದರೆ ನಮ್ಮಲ್ಲಿ ಇಷ್ಟೇ:
ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ
ಕಿವಿಯನ್ನೇ ಕೊಟ್ಟು ಕಳಿಸುವುದು.

ಸಾಂತಾ ರೋಸಾ ಚೌಕಿಯ ಸುಂಕದವನು
ಪೊಟ್ಟಣ ಅಲುಗಾಡಿಸಿ ಕೇಳಿದ:
ಏನಿದು?
ಕಲ್ಲು.
ಬೆಲೆ?
ಕಾಲಂ ಖಾಲಿ ಬಿಡುವಂತಿಲ್ಲವಂತೆ.
ಒಂದು ಸೋಲ್ ಎಂದು ಬರೆದೆ.
ಮುನ್ನೂರು ಮೀನುಗಳ ಅರ್ಧ ಆಯುಷ್ಯಕ್ಕೆ
ನಮ್ಮ ದುಡ್ಡಿನಲ್ಲಿ ಒಂದೇ ನಾಣ್ಯ.

ಅರೀಕಾ ಅನ್ನುವ ಹೆಸರು ಬಾಯಿಗೆ ಬಂದರೆ
ಅಜ್ಜಿ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದಳು.
ಅವಳಜ್ಜನ ಕಾಲದ ಯುದ್ಧ.
ಕಳೆದುಕೊಂಡ ಊರಿನ ಬೀದಿಗಳನ್ನು
ಜಪಮಣಿಯ ಹಾಗೆ ಎಣಿಸುತ್ತಿದ್ದಳು,
ಒಮ್ಮೆಯೂ ಅಲ್ಲಿ ಕಾಲಿಡದವಳು.
ಎಣಿಸುವ ಚಟ ನನಗೆ ಅವಳಿಂದಲೇ ಬಂದಿರಬೇಕು.

ಕಲ್ಲನ್ನು ಉಜ್ಜಿ ಉಜ್ಜಿ
ಕಾಗದಕ್ಕಿಂತ ತೆಳ್ಳಗಾಗಿಸಿ, ಗಾಜಿಗಂಟಿಸಿ
ದೀಪದ ಮೇಲಿಟ್ಟರೆ ಬಳೆಯೊಳಗೆ ಬಳೆ.
ದಿನಕ್ಕೊಂದು ಬಳೆ.
ಮೊಟ್ಟೆಯೊಡೆದ ದಿನ, ಹೊಟ್ಟೆ ತುಂಬಿದ ದಿನ,
ಹೆಜ್ಜಾರ್ಲೆಯ ಕೊಕ್ಕಿನಿಂದ ನುಣುಚಿಕೊಂಡ ದಿನ,
ಅದಕ್ಕೂ ಅಷ್ಟೇ ದಪ್ಪದ ಬಳೆ.

ನಲವತ್ತೇಳನೆಯ ಮೀನು.
ನಾನು ಎಣಿಸಿದ್ದು ಇನ್ನೂರ ಹದಿನಾಲ್ಕು,
ಅವನು ಇನ್ನೂರ ಒಂಬತ್ತು.
ಫೋನಿನಲ್ಲಿ ಮುಕ್ಕಾಲು ಗಂಟೆ.
ನಿಮ್ಮ ಕಡೆಯವರು ಯಾವತ್ತೂ
ಒಂದು ಹಿಡಿ ಹೆಚ್ಚೇ ಕೇಳುತ್ತಾರೆ, ಅಂದ.
ನಿಮ್ಮ ಕಡೆಯವರು ಕೇಳುವುದೇ ಇಲ್ಲ,
ಕಿತ್ತುಕೊಳ್ಳುತ್ತಾರೆ ಅನ್ನಬೇಕೆನಿಸಿತು.
ಅನ್ನಲಿಲ್ಲ ಎಂದರೆ ಸುಳ್ಳಾಗುತ್ತದೆ.
ಆಮೇಲೆ ಇಬ್ಬರೂ ಸುಮ್ಮನಾದೆವು.
ಅವನ ಕಿಟಕಿಯಾಚೆ ಕಡಲಸಿಂಹ ಬೊಗಳುವುದು ಕೇಳಿಸಿತು.
ನನ್ನ ಕಿಟಕಿಯಾಚೆಯದು ಅವನಿಗೂ ಕೇಳಿಸಿರಬೇಕು.

ಮತ್ತೆ ಎಣಿಸಿದೆವು, ಒಟ್ಟಿಗೆ, ಅಂಚಿನಿಂದ ಒಳಕ್ಕೆ.
ಅವನು ಅಂಕಿಗಳ ಬಾಲ ನುಂಗುತ್ತ,
ನಾನು ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ.
ನೂರಾ ಮೂವತ್ತರ ಹತ್ತಿರ
ಐದು ಗೆರೆಗಳು ಒಂದರ ಮೇಲೊಂದು ಒರಗಿದ್ದವು.
ಅದು ಮಾರ್ಚಿನ ಆ ವಾರ:
ನೀರು ಬೆಚ್ಚಗಾಗಿ, ಮೇವು ಕೆಳಗಿಳಿದು
ಮೀನು ಉಪವಾಸ ಬಿದ್ದದ್ದು.
ಬೆಳೆಯದ ದಿನವನ್ನು ದಿನ ಅನ್ನಬೇಕೋ ಬೇಡವೋ,
ಹನ್ನೊಂದು ಪುಟ ತಿರುವಿದರೂ ಉತ್ತರವಿಲ್ಲ.
ಎರಡೂ ಸಂಖ್ಯೆ ಬರೆದು ನಡುವೆ ಗೆರೆ ಎಳೆದೆವು.
ಆ ಗೆರೆಗೆ ಕಾವಲಿನವರಿಲ್ಲ.

ವರದಿ ಹೋಯಿತು. ಮರಿಗಳೇ ಹೆಚ್ಚು ಎಂದು
ಎರಡೂ ಕಡೆ ಇಪ್ಪತ್ತು ದಿನ ಬಲೆ ಬಂದ್.
ತಮ್ಮ ಎಲಾದಿಯೋ ದೋಣಿಯಲ್ಲಿ ಬಲೆಯೆಳೆಯುವವನು,
ಊಟದ ತಟ್ಟೆ ತಳ್ಳಿ ಎದ್ದ:
ನಿನ್ನ ಕಿವಿಯಲ್ಲೇ ಕಲ್ಲು ಬೆಳೆದಿದೆ ಅಕ್ಕಾ,
ನಮ್ಮ ಹೊಟ್ಟೆ ಕೂಗಿದ್ದು ಕೇಳುವುದಿಲ್ಲ.
ಮೀನುಹಿಟ್ಟಿನ ಕಾರ್ಖಾನೆಯ ಹೊಗೆ ನಿಂತು
ಊರಿಗೆಲ್ಲ ಬರೀ ಉಪ್ಪಿನ ವಾಸನೆ.
ಅಂದಿನಿಂದ ನನ್ನ ಜೊತೆ ಮಾತಿಲ್ಲ.
ದಿನಕ್ಕೊಂದು ಬಳೆ. ಇವತ್ತಿಗೆ ಹದಿನೇಳು.

ಮಧ್ಯಾಹ್ನ ಅರೀಕಾದಿಂದ ಡಬ್ಬಿ ಬಂತು,
ಓದಿ ಮುಗಿದ ಬಲಗಿವಿಗಳು.
ಬೆಲೆಯ ಕಾಲಂನಲ್ಲಿ ತಿರಾಪೆಗಿಯ ಓರೆ ಅಕ್ಷರ:
ಒಂದು ಪೆಸೊ. ಬಳಸಿದ ಮಾಲು.

ನಿಯಮಕ್ಕೆ ವಿರುದ್ಧವಾಗಿ
ನಲವತ್ತೇಳರ ಎರಡೂ ಗಾಜು ಜೇಬಿಗಿಳಿಸಿ ಮನೆಗೆ ತಂದೆ.
ಒಂದನ್ನು ಮಗುಚಿ, ಒಂದರ ಮೇಲಿಟ್ಟು
ಬಲ್ಬಿನ ಬೆಳಕಿಗೆ ಹಿಡಿದೆ.
ಅಂಚು ಕೂಡಲಿಲ್ಲ, ಕೂದಲೆಳೆಯಷ್ಟು ಆಚೀಚೆ.
ಹೊರಗೆ ಎಲಾದಿಯೋ ಹರಿದ ಬಲೆ ಹೆಣೆಯುತ್ತಿದ್ದ.
ನೋಡ್ತೀಯೇನೋ? ಅಂದೆ.
ಕೇಳಿಸದವನ ಹಾಗೆ ಸೂಜಿಗೆ ದಾರ ಪೋಣಿಸಿದ.
ಕೂತ ಸ್ಟೂಲನ್ನು ಮಾತ್ರ
ಒಂದು ಗೇಣು ಬಾಗಿಲ ಕಡೆಗೆ ಎಳೆದುಕೊಂಡ.